ಶ್ರಾವಣ ಮುಗಿಯದ ವರ್ಷ

ಪಲ್ಲವಿ, ಬಸವಾ,

ಮೊನ್ನೆ ನಿಮ್ಮ ಅವ್ವ ಒರಳಲ್ಲಿ ಬೆಳ್ಳುಳ್ಳಿ ಖಾರ ಕುಟ್ಟುತ್ತಿದ್ದಳು. ನಾನು ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತಿದ್ದೆ. ಎಸಳು ಕಲ್ಲಿಗೆ ಸಿಕ್ಕು ಒಡೆದ ಕೂಡಲೇ ಆ ವಾಸನೆ ಬಾಗಿಲು ದಾಟಿ ಬಂತು. ನನ್ನ ಕೈ ಅಲ್ಲೇ ನಿಂತಿತು. ಇಷ್ಟು ವರ್ಷವಾದರೂ ಹಾಗೆಯೇ ಆಗುತ್ತದೆ. ಇದು ನಮ್ಮದೇ ಅಡುಗೆಮನೆ, ಇದು ಬರೀ ಬೆಳ್ಳುಳ್ಳಿ ಎಂದು ನನಗೆ ನಾನೇ ಹೇಳಿಕೊಳ್ಳಬೇಕು.

ಅದೇ ಮಧ್ಯಾಹ್ನ, ಪಲ್ಲವಿ, ನಿನ್ನ ಫೋನು ಬಂತು. ಹೈದರಾಬಾದಿನ ಪ್ರಯೋಗಾಲಯದಲ್ಲಿ ಜಾಗ ಸಿಕ್ಕಿತೆಂದೆ. “ಅಜ್ಜೀ, ನಾವು ಮಾಡೂದು ಹಾಳಿ! ಮೂರ ಅಣು ದಪ್ಪ, ಅಷ್ಟಾ. ಕುಲುಮ್ಯಾಗ ಬೆಳಸ್ತಾರ” ಎಂದು ಕುಣಿಯುವ ದನಿಯಲ್ಲಿ ಹೇಳಿದೆ. “ಭಾಳ ಛಲೋ ಆತು ಬಿಡವ್ವಾ” ಎಂದೆ. ಆ ಹಾಳೆಯ ವಿಷಯ ನನಗೆ ಹೊಸದಲ್ಲ, ಮಗಾ.

ನೀವಿಬ್ಬರೂ ಚಿಕ್ಕವರಿದ್ದಾಗ ಒಂದು ವರ್ಷ ನಮ್ಮ ಮನೆಯಲ್ಲಿ ಬೆಳ್ಳುಳ್ಳಿಯೇ ಇರಲಿಲ್ಲ. ಅದನ್ನು ನೆನೆದು ಈಗಲೂ ನಗುತ್ತೀರಿ. ಅಜ್ಜಿಗೆ ಆ ವರ್ಷ ತಲೆ ಕೆಟ್ಟಿತ್ತು ಎನ್ನುತ್ತೀರಿ. ನಾನು ಸುಮ್ಮನಿರುತ್ತಿದ್ದೆ, ಯಾಕೆಂದರೆ ಒಬ್ಬರಿಗೆ ಮಾತು ಕೊಟ್ಟಿದ್ದೆ. ಈಗ ಆ ಮಾತಿನಿಂದ ನನಗೆ ಬಿಡುಗಡೆಯಾಗಿದೆ. ನಾಲ್ಕು ಜನರ ಎದುರು ಬಾಯಿ ಬಿಡುವವಳಲ್ಲ ನಾನು, ನಿಮಗೆ ಗೊತ್ತಿದೆ. ತವರೂರು ಮಸರಕಲ್ಲಿನ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತ ಅಕ್ಷರ ಕೈಯಲ್ಲಿದೆ. ಅದರಲ್ಲೇ ಬರೆಯುತ್ತೇನೆ.

ಆಗ ನಮ್ಮ ಮಾಳಿಗೆಯ ಕೋಣೆಯಲ್ಲಿ ಒಬ್ಬ ಟೀಚರ್ ಬಾಡಿಗೆಗಿದ್ದಳು. ಪೋತ್ನಾಳದ ಕಡೆಯವಳು, ಕುರಿ ಮತ್ತು ಭತ್ತದ ಗದ್ದೆ ಇದ್ದ ಮನೆತನ. ರಾಯಚೂರಿನ ಹೊರಗೆ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಗಂಡ ದೇವದುರ್ಗದಲ್ಲಿ ಹೈಸ್ಕೂಲಿನ ಮೇಷ್ಟ್ರು. ಶನಿವಾರ ಸಂಜೆ ಬಂದರೆ ಸೋಮವಾರದ ಮೊದಲ ಬಸ್ಸಿಗೆ ಹೋಗುತ್ತಿದ್ದ. ಅವಳ ಊಟ ನಮ್ಮಲ್ಲೇ. ಹೆಸರು ಬರೆಯುವುದಿಲ್ಲ. ಓಣಿಯವರೆಲ್ಲ ಟೀಚರ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಬಸವಾ, ನೀನು ಅವಳ ತೊಡೆಯ ಮೇಲೆ ಕೂತು ಕಾಗೆಬಂಗಾರ ಸುಲಿಯುತ್ತಿದ್ದೆ, ನೆನಪಿದೆಯೇ? ನಾನೇ ಮಸರಕಲ್ಲಿನಿಂದ ತಂದದ್ದು. ನಮ್ಮ ಊರ ಹೊಲಗಳಲ್ಲಿ ಕಲ್ಲಿನ ನಡುವೆ ಹೊಳೆಯುತ್ತಿತ್ತು. ಉಗುರಿನಿಂದ ಎಬ್ಬಿಸಿದರೆ ಪದರ, ಅದರ ಕೆಳಗೆ ಮತ್ತೊಂದು ಪದರ. ಅವಳು ಅದನ್ನು ದೀಪಕ್ಕೆ ಹಿಡಿದು, “ನಮ್ಮ ಕೆಲಸಾನೂ ಇದಾ ರೀ ಯವ್ವಾ. ಇನ್ನ ಸುಲ್ಯಾಕ ಬರಂಗಿಲ್ಲ ಅನ್ನೂತನಕ ಸುಲದ್ರ ಉಳೀತದಲ್ಲ, ಅಷ್ಟು ತೆಳುವುಂದು” ಎನ್ನುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ. ಅರ್ಥವಾಗಿರಲಿಲ್ಲ.

ಶ್ರಾವಣ ಬಂತು. ನಮ್ಮ ಮನೆಯಲ್ಲಿ ಶ್ರಾವಣವೆಂದರೆ ಬೆಳ್ಳುಳ್ಳಿ, ಉಳ್ಳಾಗಡ್ಡಿ ಹೊಸ್ತಿಲು ದಾಟಬಾರದು. ಹಿಂದಿನ ದಿನವೇ ಒರಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಿಸಿಲಿಗೆ ಇಡುತ್ತಿದ್ದೆವು. ಟೀಚರ್ ತಾನಾಗಿಯೇ, “ನಾನೂ ನಿಮ್ಮ ಕೂಡ ಹಿಡೀತೀನ್ರಿ” ಎಂದಿದ್ದಳು. ಅವಳಿಗೆ ಆಗ ಮೂರನೆಯ ತಿಂಗಳು. ನನಗೆ ಮಾತ್ರ ಹೇಳಿದ್ದಳು.

ಎರಡನೆಯ ವಾರವಿರಬೇಕು... ನಿಮ್ಮ ಅವ್ವ ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದಳು.

“ಅತ್ತಿ, ಟೀಚರ್ ಬಾಯಾಗಿನ ವಾಸನಿ ನೋಡೀರೇನು? ಇಲ್ಲಿ ಕೆಳಗ ಸಪ್ಪನ್ನ ಬ್ಯಾಳಿ ಉಣ್ತಾಳ, ಮ್ಯಾಲ ಹೋಗಿ ಬೆಳ್ಳೊಳ್ಳಿ ಜಡೀತಾಳ. ದೇವರ ಮುಂದ ಆಟ ಹಚ್ಯಾಳ.”

“ಬಸರಿ ಹೆಂಗ್ಸು, ಬಾಯಿ ಚಪಲ ಇರ್ತದ, ಬಿಡು” ಎಂದು ಬಾಯಿತಪ್ಪಿ ಹೇಳಿಬಿಟ್ಟೆ. ನಿಮ್ಮ ಅವ್ವ ಕಣ್ಣರಳಿಸಿದಳು. ಆ ಸುದ್ದಿಯ ಖುಷಿಯಲ್ಲಿ ಬೆಳ್ಳುಳ್ಳಿಯ ಮಾತು ಮರೆತುಹೋಯಿತು.

ನಾನು ಮರೆಯಲಿಲ್ಲ. ಸಂಜೆ ಟೀಚರ್ ತಟ್ಟೆಗೆ ಬಗ್ಗಿದಾಗ ಹತ್ತಿರ ಸರಿದೆ. ಹೌದು, ಬೆಳ್ಳುಳ್ಳಿಯೇ. ಆದರೆ ತಿಂದವರ ಬಾಯಿಯ ವಾಸನೆಯಂತೆ ಇರಲಿಲ್ಲ. ತಿಂದದ್ದಾದರೆ ಬಾಯಿ ತೊಳೆದರೆ, ಎಲೆಯಡಿಕೆ ಜಗಿದರೆ ಸ್ವಲ್ಪ ಅಡಗುತ್ತದೆ. ಇದು ಉಸಿರಿನ ಜೊತೆ ಆಳದಿಂದ ಬರುತ್ತಿತ್ತು. ಬೆವರಿನಲ್ಲೂ ಇತ್ತು. ಮಾಳಿಗೆಯ ತಂತಿಯ ಮೇಲೆ ಒಗೆದು ಹಾಕಿದ ಅವಳ ಕುಪ್ಪಸದಲ್ಲೂ ಇತ್ತು...

ಎರಡು ದಿನ ಕೇಳಬೇಕೆಂದು ಹೋಗಿ ಕೇಳದೆ ಬಂದೆ. ಮೂರನೆಯ ಸಲ ಮೆಟ್ಟಿಲ ಮೇಲೆ ಅವಳೇ ಎದುರಾದಳು.

“ತಪ್ಪ ತಿಳೀಬ್ಯಾಡ್ರಿ ಟೀಚರ್... ಬೆಳ್ಳೊಳ್ಳಿ ತಿನ್ನಂಗ ಆಗಿದ್ರ ತಿನ್ರಿ. ಬಸರಿದ್ದವರಿಗೆ ದೇವರು ಮಾಫಿ ಮಾಡ್ತಾನ.”

“ನಾ ತಿಂದಿಲ್ಲಲ್ರೀ ಯವ್ವಾ” ಎಂದು ನಕ್ಕಳು. ಆ ನಗು ಮುಖದಲ್ಲೇ ನಿಂತು, ನಿಧಾನ ಆರಿತು. “ಯಾಕ್ರೀ? ವಾಸನಿ ಬರಾಕತ್ತದೇನು? ನನ್ನ ಬಾಯಾಗಿಂದ?”

ಹೌದೆಂದೆ. ಅವಳು ಗೋಡೆ ಹಿಡಿದು ಮೆಟ್ಟಿಲ ಮೇಲೆ ಕೂತಳು. ಒಂದು ಕೈ ಹೊಟ್ಟೆಯ ಮೇಲೆ ಹೋಯಿತು. ಅವಳ ಮುಖ ಆಗ ಹೇಗಿತ್ತೋ ಈಗಲೂ ಹಾಗೇ ಕಾಣುತ್ತದೆ. ದೊಡ್ಡ ಓದು ಓದಿದವರು ಹೆದರಿದರೆ ನಮ್ಮ ಹೆದರಿಕೆಗಿಂತ ಬೇರೆ ಇರುತ್ತದೆ. ನಮಗೆ ಏನಾಗುತ್ತದೋ ಎಂಬ ಹೆದರಿಕೆ. ಅವರಿಗೆ ಏನಾಗುತ್ತದೆಂದು ಗೊತ್ತಿರುತ್ತದೆ.

ಅಂದು ಅವಳು ನನಗೆ ಎಲ್ಲವನ್ನೂ ಹೇಳಿದಳು. ನನಗೆ ಉಳಿದಷ್ಟನ್ನು ಬರೆಯುತ್ತೇನೆ. ಪಲ್ಲವಿ, ತಪ್ಪಿದ್ದರೆ ನೀನು ತಿದ್ದಿಕೊ. ಅವಳು ಮಾಡುತ್ತಿದ್ದ ಹಾಳೆಯಲ್ಲಿ ಮೂರು ಸಾಲು ಅಣುಗಳು. ನಡುವಿನ ಸಾಲು ಒಂದು ಲೋಹ, ಮೇಲೆ ಕೆಳಗೆ ಟೆಲ್ಲೂರಿಯಂ ಎಂಬುದು. “ಊಟಕ್ಕ ಪಂಕ್ತಿ ಕುಂತಂಗ ಅಂತ ತಿಳಕೋರಿ. ಎಲ್ಲಾರೂ ಅವರವರ ಮಣಿ ಮ್ಯಾಲ ಕುಂತಿರೂತನಕ ಅದು ಒಂದು ನಮೂನಿ. ನಾವು ಹೇಳಿದಾಗ ಕರೆಂಟ್ ಬಿಡ್ತದ, ಬ್ಯಾಡಂದಾಗ ತಡೀತದ. ಒಂದು ಸಾಲಿನವರು ಎಲ್ಲಾರೂ ಒಂಚೂರು ಸರದು ಕುಂತ್ರು ಅಂದ್ರ ಮುಗೀತು, ಅದಾ ಜನ, ಅದಾ ಪಂಕ್ತಿ, ವಸ್ತು ಮಾತ್ರ ಬ್ಯಾರೆ. ಆಮ್ಯಾಲ ತಡಿಯೂದನ್ನಾ ಮರೀತದ.”

“ಯಾಕ ಸರೀತಾರ?” ಎಂದೆ. ಏನಾದರೂ ಕೇಳಬೇಕಲ್ಲ ಎಂದು ಕೇಳಿದ್ದು.

“ನಡಬರಕ ಯಾರರ ಎದ್ದು ಹೋಗ್ತಾರಲ್ಲ, ಅದಕ್ಕ. ಕಾವು ಹೆಚ್ಚಾದ್ರ ಟೆಲ್ಲೂರಿಯಂ ಎದ್ದು ಹಾರಿ ಹೋಗ್ತದ. ಜಾಗ ಖಾಲಿ ಉಳೀತದ. ಒಂದೆರಡು ಖಾಲಿ ಇದ್ರ ಪಂಕ್ತಿ ತಡಕೋತದ. ಎಷ್ಟು ಖಾಲಿ ಆದ್ರ ಇಡೀ ಸಾಲು ಸರೀತದ, ಅದನ್ನಾ ನಾನು ಹುಡುಕಾಕತ್ತಿದ್ದು.”

ಆಮೇಲೆ ತನ್ನ ಕಂಪ್ಯೂಟರಿನಲ್ಲಿ ಒಂದು ಚಿತ್ರ ತೋರಿಸಿದಳು. ದೊಡ್ಡ ಊರಿನ ದೊಡ್ಡ ಯಂತ್ರದಲ್ಲಿ ತೆಗೆಸಿದ್ದಂತೆ. ಚುಕ್ಕಿ ರಂಗೋಲಿಗೆ ಇಟ್ಟ ಚುಕ್ಕಿಗಳ ಹಾಗೆ, ಸಾಲು ಸಾಲು, ಒಂದೂ ಸೊಟ್ಟ ಇರಲಿಲ್ಲ. ಅಲ್ಲಲ್ಲಿ ಮಾತ್ರ ಚುಕ್ಕಿ ಇಡಲು ಮರೆತಂತೆ ಕಪ್ಪು. ಅವಳು ಬೆರಳಿನಿಂದ ಆ ಕಪ್ಪನ್ನು ಮುಟ್ಟಿ, “ಇಲ್ಲಿಂದ ಎದ್ದು ಹೋದದ್ದು ಎಲ್ಲಿಗೆ ಹೋತು ಅಂತ ಒಮ್ಮೆನೂ ಕೇಳಕೊಳ್ಳಲಿಲ್ಲ ನೋಡ್ರಿ. ನನ್ನ ಎದಿಯಾಗ ಬಂದು ಕುಂತದ” ಎಂದಳು.

ಆ ಟೆಲ್ಲೂರಿಯಂ ಮೈಯೊಳಗೆ ಸೇರಿದರೆ ಉಸಿರಿನಲ್ಲಿ ಬೆಳ್ಳುಳ್ಳಿಯಾಗಿ ಹೊರಬರುತ್ತದಂತೆ. ಅವಳು ಓದಿದ್ದಳು. ಆದರೆ ಯಾರ ಬಾಯಿಂದ ವಾಸನೆ ಬರುತ್ತದೋ ಅವರಿಗೇ ಅದು ತಿಳಿಯುವುದಿಲ್ಲವಂತೆ. ನಮ್ಮ ರಾಯಚೂರಿನಲ್ಲಿ ಬೇರೆ ತಿಂಗಳಾಗಿದ್ದರೆ ಯಾರ ಬಾಯಲ್ಲಿ ಬೆಳ್ಳುಳ್ಳಿ ಇರುವುದಿಲ್ಲ, ಹೇಳಿ? ಖಾರ ಬೆಳ್ಳುಳ್ಳಿಯದೇ, ಒಗ್ಗರಣೆ ಬೆಳ್ಳುಳ್ಳಿಯದೇ. ಶ್ರಾವಣವೊಂದು ಬಂದು ಎಲ್ಲರ ಬಾಯಿ ಒರೆಸಿತ್ತು. ಅದಕ್ಕೆ ಅವಳೊಬ್ಬಳದು ಎದ್ದು ನಿಂತಿತು.

ಕಾಲೇಜಿನ ಕುಲುಮೆಯ ಕೋಣೆಯಲ್ಲಿ ಹೊಗೆ ಎಳೆಯುವ ಫ್ಯಾನು ಸುಟ್ಟು ಬಹಳ ದಿನವಾಗಿತ್ತು. ಅವಳೇ ಒಂದು ಕೊಳವೆಯನ್ನು ಕಿಟಕಿಯಿಂದ ಹೊರಗೆ ಬಿಟ್ಟುಕೊಂಡು ಕೆಲಸ ನಡೆಸಿದ್ದಳು. ಬೇಸಿಗೆಯಲ್ಲಿ ಸರಿಹೋಗಿತ್ತು. ಶ್ರಾವಣದ ಪಡುಗಾಳಿ ಅದನ್ನೆಲ್ಲ ತಿರುಗಿ ಒಳಗೇ ತಳ್ಳುತ್ತಿತ್ತು.

“ಇನ್ನ ಎರಡಾ ಹಾಳಿ ಬಾಕಿ ಅವ ಯವ್ವಾ” ಎಂದಳು ಆ ರಾತ್ರಿ ಊಟ ಮುಗಿಸಿ. “ಮೂಗಿಗೆ ಅರಬಿ ಕಟ್ಟಕೊಂಡು ಮುಗಿಸಿಬಿಡ್ತೀನಿ. ಅವೆರಡು ಆಗಲಿಲ್ಲಂದ್ರ ಇಷ್ಟು ವರ್ಷದ್ದು ಯಾತಕ್ಕೂ ಬರಂಗಿಲ್ಲ. ಕುಲುಮಿನೂ ಬ್ಯಾರೆ ಕಡೆ ಒಯ್ತಾರಂತ.”

ನನಗೆ ನಿಮ್ಮ ಅಜ್ಜ ನೆನಪಾದರು. ಅವರು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಕೆಲಸ ಮಾಡುತ್ತಿದ್ದರು, ನೀವು ನೋಡಲಿಲ್ಲ. ಸಂಜೆ ಬಂದರೆ ರೆಪ್ಪೆಯ ಮೇಲೆ ಹತ್ತಿ. ಕೊಡವಿದರೆ ಹೋಗುತ್ತಿತ್ತು. ಒಳಗೆ ಹೋದದ್ದನ್ನು ಕೊಡವಲು ಬರಲಿಲ್ಲ. ಕೊನೆಕೊನೆಗೆ ಕೆಮ್ಮಿ ಕೆಮ್ಮಿ ಗೋಡೆಗೆ ಒರಗಿಯೇ ನಿದ್ದೆ ಮಾಡುತ್ತಿದ್ದರು.

ನಾನು ಜನ್ಮದಲ್ಲಿ ಯಾರಿಗೂ ಎದುರು ಮಾತಾಡಿದವಳಲ್ಲ. ಅವತ್ತು ಬಾಯಿ ತಾನಾಗಿ ಆಡಿತು.

“ನಮ್ಮ ಮನಿಯವರೂ ಇನ್ನೊಂದಾ ಹಂಗಾಮು ಅಂದಿದ್ರು ರೀ.”

ಅವಳು ಗೋಡೆಯ ಮೇಲಿನ ಅಜ್ಜನ ಫೋಟೋ ನೋಡಿದಳು. ಮರುದಿನ ಕಾಲೇಜಿಗೆ ಹೋಗಿ ಕುಲುಮೆಯ ಕೋಣೆಗೆ ಕೀಲಿ ಹಾಕಿಸಿ ಬಂದಳು. ಗಂಡನಿಗೆ ಹೇಳಿದಳು, ಡಾಕ್ಟರಿಗೂ ತೋರಿಸಿದಳು. ಡಾಕ್ಟರಮ್ಮ ದೊಡ್ಡ ಊರಿನವರನ್ನೂ ಕೇಳಿ ನೋಡಿ, ಮೈಯಿಂದ ಅದು ತಾನಾಗಿ ಹೋಗಬೇಕು, ಕೂಸಿಗೆ ಏನಾಗುತ್ತದೆ, ಆಗುವುದಿಲ್ಲ ಎಂದು ಈಗ ಹೇಳಲು ಬರುವುದಿಲ್ಲ ಎಂದರಂತೆ. ಆ ಮಾತಿಗಿಂತ ಭಯದ ಮಾತು ಇನ್ನೊಂದಿಲ್ಲ.

ನನ್ನ ಹತ್ತಿರ ಒಂದೇ ಮಾತು ತೆಗೆದುಕೊಂಡಳು. ಯಾರಿಗೂ ಹೇಳಬಾರದು. “ಕೂಸು ಛಲೋನಾ ಹುಟ್ಟಿದ್ರೂ ಮಂದಿ ಜೀವನಪೂರ್ತಿ ವಿಷದ ಕೂಸು ಅಂತಾರ. ಬಿದ್ರೂ ಅದಕ್ಕಾ, ಜ್ವರ ಬಂದ್ರೂ ಅದಕ್ಕಾ ಅಂತಾರ.” ನಾನು ದೇವರ ಜಗಲಿಯ ಮೇಲಿನ ವಿಭೂತಿ ಮುಟ್ಟಿ ಹೂಂ ಎಂದೆ.

ಅಂದಿನಿಂದ ದಿನಾ ಸಂಜೆ, ಕಾಲು ತೊಳೆದು ದೀಪ ಹಚ್ಚಿದ ಮೇಲೆ, ಅವಳು ನನ್ನ ಎದುರು ಬಂದು ಕೂತು ಉಸಿರು ಬಿಡುತ್ತಿದ್ದಳು. ನಾನು ಮೂಸಿ ಹೇಳಬೇಕು.

“ಹೆಂಗದ?”

“ಅದ.”

“ನಿನ್ನಿಗಿಂತ?”

“ನಿನ್ನಿ ಅಷ್ಟಾ ಅದ.”

ಅವಳ ಕಣ್ಣು ನನ್ನ ಮುಖದ ಮೇಲೆಯೇ ಇರುತ್ತಿತ್ತು. ಕಡಿಮೆಯಾಗಿದೆ ಎಂದು ಹೇಳಿಬಿಟ್ಟರೆ ಒಂದು ರಾತ್ರಿಯಾದರೂ ನಿದ್ದೆ ಮಾಡಿಯಾಳು ಎಂದು ನಾಲಿಗೆಯ ತುದಿಗೆ ಬರುತ್ತಿತ್ತು. ಅದು ಅವಳಿಗೆ ತಿಳಿಯುತ್ತಿತ್ತೋ ಏನೋ. “ಸುಳ್ಳ ಮಾತ್ರ ಹೇಳಬ್ಯಾಡ್ರಿ ಯವ್ವಾ, ನಿಮ್ಮ ಮೂಗೊಂದಾ ನನಗ ಇರೂದು” ಎಂದಳು ಒಮ್ಮೆ. ಹೇಳಲಿಲ್ಲ.

ಶ್ರಾವಣ ಮುಗಿಯಿತು. ಓಣಿಯ ಎಲ್ಲ ಮನೆಗಳಲ್ಲಿ ಒರಳು ಕುಟ್ಟುವ ಸದ್ದು. ನನಗೆ ಹೊಸ ಹೆದರಿಕೆ ಹುಟ್ಟಿತು. ನಮ್ಮ ಅಡುಗೆಮನೆಯಲ್ಲೂ ಬೆಳ್ಳುಳ್ಳಿ ಬಂದರೆ, ನನ್ನ ಬಾಯಲ್ಲೂ ಅದೇ ಇದ್ದರೆ, ಅವಳದು ಯಾವುದು, ನಮ್ಮದು ಯಾವುದು ಎಂದು ಹೇಗೆ ತಿಳಿಯಬೇಕು? ನಿಮ್ಮ ಅವ್ವನಿಗೆ, “ನಮ್ಮ ಮನ್ಯಾಗ ಶ್ರಾವಣ ಇನ್ನ ಮುಗದಿಲ್ಲ” ಎಂದೆ. ಯಾಕೆಂದು ಕೇಳಿದಳು. ಹರಕೆ ಎಂದೆ. ಅವಳು ಪಾಪ, ಒಂದು ವಾರ ತಡೆದಳು. ಆಮೇಲೆ ಪಾತ್ರೆ ಇಡುವ ಸದ್ದು ಜೋರಾಯಿತು. ನೀವಿಬ್ಬರೂ ತಟ್ಟೆ ಮುಂದೆ ಅಳುತ್ತಿದ್ದಿರಿ. ಎದುರು ಮನೆಯ ಹಣ್ಣಿನ ಅಂಗಡಿಯ ಚಾಚಿ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಕೇಳುವಂತೆ ಹೇಳಿದಳು:

“ಅರೇ ಅಮ್ಮಾ, ನಿಮ್ಮ ಶ್ರಾವಣ ಖತಮ್ಮಾ ಆಗಂಗಿಲ್ಲೇನ್ರೀ? ನಮ್ಮ ರಂಜಾನ್ ಸುದ್ದಾ ಚಂದ್ರ ಕಂಡಮ್ಯಾಲ ಬಿಡ್ತದ. ನೀವು ಯಾವ ಚಂದ್ರನ ಹಾದಿ ಕಾಯಾಕತ್ತೀರಿ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಯಾವ ಚಂದ್ರ ಎಂದು ನಾನು ಹೇಳುವ ಹಾಗಿರಲಿಲ್ಲ.

ಗಣಪತಿ ಹೋದ. ದಸರೆಗೆ ಬನ್ನಿ ಹಂಚಿದೆವು. ವಾಸನೆ ಇಳಿಯುತ್ತಿತ್ತು, ಆದರೆ ಬಿಸಿಲಿಗೆ ಕೆರೆ ಇಳಿದ ಹಾಗೆ, ಇವತ್ತು ನೋಡಿದರೆ ನಿನ್ನೆಯಷ್ಟೇ. ಹೊಟ್ಟೆ ಬೆಳೆಯುತ್ತಿತ್ತು. ಒಂದೊಂದು ಸಂಜೆ ಕೂಸು ಒದೆಯಿತೆಂದು ನನ್ನ ಕೈ ಹಿಡಿದು ಇಟ್ಟುಕೊಳ್ಳುತ್ತಿದ್ದಳು. ಒಂದೊಂದು ಸಂಜೆ ಯಾಕೋ ಇವತ್ತು ಒದ್ದಿಲ್ಲ ಎಂದು ಬಿಳಚಿಕೊಂಡು ಕೂರುತ್ತಿದ್ದಳು. ಅಂಥ ದಿನ ನಾವಿಬ್ಬರೂ ಆ ಒದೆತದ ಹಾದಿ ಕಾಯುತ್ತಿದ್ದೆವು. ಮೆಟ್ಟಿಲ ಕೆಳಗೆ ನೀವು ಆಡುವ ಗದ್ದಲ ಕೇಳುತ್ತಿತ್ತು... ಆ ಗದ್ದಲ ಎಷ್ಟು ದೊಡ್ಡ ಪುಣ್ಯ ಎಂದು ನನಗೆ ಆಗ ಅನಿಸುತ್ತಿತ್ತು.

ಏಳನೆಯ ತಿಂಗಳಿಗೆ ಕುಬಸ ಮಾಡಿದೆವು. ಹಸಿರು ಬಳೆ, ಹಸಿರು ಸೀರೆ ಉಟ್ಟು ಕೂತಾಗ ಚೆಂದ ಕಂಡಳು. ಆರತಿ ಎತ್ತುವ ನೆಪದಲ್ಲಿ ಬಗ್ಗಿದೆ. ವಾಸನೆ ಎಳೆಯಷ್ಟು ಇತ್ತು. ಅವಳು ಕಣ್ಣಲ್ಲೇ ಕೇಳಿದಳು, ನಾನು ಕಣ್ಣಲ್ಲೇ ಅದ ಎಂದೆ. ಅಂದೇ ಅವಳ ಅಣ್ಣ ಬಂದು ಪೋತ್ನಾಳಕ್ಕೆ ಕರೆದುಕೊಂಡು ಹೋದ. ಮೂಸುವ ಕೆಲಸ ಇರಲಿಲ್ಲ. ಆದರೂ ನಾನು ಒರಳಿಗೆ ಬೆಳ್ಳುಳ್ಳಿ ಹಾಕಲು ಬಿಡಲಿಲ್ಲ. ಸುಳ್ಳಿಗೆ ಹೇಳಿದ ಹರಕೆ ಅಷ್ಟರಲ್ಲಿ ನಿಜವೇ ಆಗಿತ್ತು.

ಶಿವರಾತ್ರಿ ಹತ್ತಿರವಿದ್ದಾಗ ಮಾನ್ವಿಯ ಆಸ್ಪತ್ರೆಯಿಂದ ಅವಳ ಗಂಡನ ಫೋನು ಬಂತು. “ಅಮ್ಮಾರ...” ಎಂದ. ಆಮೇಲೆ ಆ ಕಡೆಯಿಂದ ಸಣ್ಣ ಅಳು ಕೇಳಿತು. ಅವನೂ ಅಳುತ್ತಿದ್ದ. “ಹೆಣ್ಣು ರೀ. ಕೇಳಿಸ್ತೇನ್ರಿ? ಅಕಿನಾ ಅಳಾಕತ್ತಾಳ.”

ನಾನು ಒಬ್ಬಳೇ ಬಸ್ಸು ಹತ್ತಿ ಹೋದೆ. ಅದೂ ಜನ್ಮದಲ್ಲಿ ಮೊದಲ ಸಲ. ಅವಳು ಮಂಚದ ಮೇಲೆ ಇದ್ದಳು. ಬರ್ರಿ, ಕೂಡ್ರಿ ಏನೂ ಇಲ್ಲ. “ಮೂಸ್ರಿ” ಎಂದಳು. ಮೂಸಿದೆ. ಬಾಣಂತಿಯ ವಾಸನೆ, ಔಷಧದ ವಾಸನೆ. ಮತ್ತೊಮ್ಮೆ ಮೂಸಿದೆ. ಇಲ್ಲ. “ಇಕಿನ್ನೂ” ಎಂದು ಕೂಸನ್ನು ಎತ್ತಿ ಕೊಟ್ಟಳು. ಆ ಪುಟ್ಟ ಬಾಯಿ ಆಕಳಿಸಿತು. ಹಾಲಿನ ವಾಸನೆ ಬಿಟ್ಟರೆ ಇನ್ನೇನೂ ಇಲ್ಲ. ನಾನು ತಲೆ ಅಲ್ಲಾಡಿಸಿದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಬೆನ್ನು ಅದುರುತ್ತಿತ್ತು.

ಮನೆಗೆ ಬಂದು ನಾನೇ ಒರಳಿನ ಮುಂದೆ ಕೂತೆ. ಕುಟ್ಟುವ ಸದ್ದಿಗೆ ಓಡಿಬಂದು ನೀವಿಬ್ಬರೂ ಕುಣಿದಿರಿ.

ಟೀಚರ್ ನಮ್ಮ ಮಾಳಿಗೆಗೆ ಮತ್ತೆ ಬರಲಿಲ್ಲ. ಕುಲುಮೆಯನ್ನು ಬೇರೆ ಕಡೆ ಒಯ್ದರು. ಅವಳು ಮಾನ್ವಿಯ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದಳು. ವರ್ಷಕ್ಕೊಮ್ಮೆ, ಶ್ರಾವಣ ಕೂತ ದಿನ ಫೋನು ಮಾಡುತ್ತಿದ್ದಳು. ಒಂದು ಸಲ, “ಎಷ್ಟು ಮಂದಿ ಎದ್ದು ಹೋದ್ರ ಪಂಕ್ತಿ ಸರೀತದ ಅನ್ನೂದು ನನಗ ಗೊತ್ತಾಗಲಾ ಇಲ್ಲ ನೋಡ್ರಿ” ಎಂದಳು. ನಗುತ್ತಲೇ ಹೇಳಿದಳು. ಆದರೂ ಅವತ್ತು ನನಗೆ ಊಟ ಸೇರಲಿಲ್ಲ.

ಈ ಶ್ರಾವಣದಲ್ಲಿ ಫೋನು ಬರಲಿಲ್ಲ. ದೀಪಾವಳಿ ಮುಗಿದ ಮೇಲೆ ಅವಳ ಗಂಡ ಮಗಳನ್ನು ಕರೆದುಕೊಂಡು ಬಂದ. ನೀವಿಬ್ಬರೂ ಹಾಸ್ಟೆಲಿನಲ್ಲಿದ್ದಿರಿ. ಜ್ವರವಂತೆ, ಎರಡು ಮಳೆಗಾಲದ ನಡುವೆ ಊರಲ್ಲಿ ಎಷ್ಟೋ ಜನರಿಗೆ ಬಂದ ಜ್ವರವೇ. ಟೀಚರಿಗೆ ಮಾತ್ರ ಇಳಿಯಲಿಲ್ಲ, ತೀರಿಹೋದಳು. “ಹಳೇದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದಾರ್ರಿ ಅಮ್ಮಾರ” ಎಂದು ನಾನು ಕೇಳುವ ಮೊದಲೇ ಹೇಳಿದ. ಇರಬಹುದು. ನಾನು ನಂಬುತ್ತೇನೆ. ಹಗಲು ಹೊತ್ತು ನಂಬುತ್ತೇನೆ.

ಹುಡುಗಿಯದು ತಾಯಿಯ ಹಣೆ, ತಾಯಿಯ ಮಾತು. “ಅವ್ವ ನನಗ ಎಲ್ಲಾ ಹೇಳ್ಯಾಳ ಅಜ್ಜಿ. ನಾ ಹುಟ್ಟೂಕಿಂತ ಮೊದ್ಲಾ ನೀವು ನನ್ನ ಮೂಸಿ ನೋಡೀರಂತ!” ಎಂದಳು. ಯಾರಿಗೆ ಬೇಕಾದರೂ ಹೇಳಿ, ಇನ್ನು ಬಚ್ಚಿಡುವುದೇನಿದೆ ಎಂದು ಅವಳ ಅಪ್ಪನೂ ಹೇಳಿದ. ಊಟ ಮಾಡಿಸಿದೆವು. ಹೊರಡುವಾಗ ಅವಳು ಕಾಲಿಗೆ ಬಿದ್ದು ಎದ್ದಳು. ಅವಳ ಉಸಿರು ನನ್ನ ಮುಖಕ್ಕೆ ತಾಗಿತು. ಬೆಳ್ಳುಳ್ಳಿ.

ನಾನು ಅವಳ ಗದ್ದ ಹಿಡಿದುಬಿಟ್ಟೆ. “ಏನ್ ತಿಂದೀ?” ನನ್ನ ದನಿಗೆ ಹುಡುಗಿ ಬೆಚ್ಚಿದಳು. “ನೀವಾ ಹಾಕಿದ್ರಲ್ಲ ಅಜ್ಜಿ... ರೊಟ್ಟಿ ಮ್ಯಾಲ, ಖಾರ.” ಎಲ್ಲರೂ ನಕ್ಕರು. ಹೌದು, ನಾನೇ ಬಡಿಸಿದ್ದೆ. ಆದರೂ ಅವರು ಹೋದ ಮೇಲೆ ಅವಳು ಉಂಡ ತಟ್ಟೆಯನ್ನು ಎತ್ತಿ ಮೂಸಿ ನೋಡಿದೆ.

ಮಾಳಿಗೆಯ ಕೋಣೆಯಲ್ಲಿ ಈಗ ನಾವು ಜೋಳದ ಚೀಲ ಇಟ್ಟಿದ್ದೇವೆ. ದೀಪ ಹಚ್ಚಿದ ಮೇಲೆ ಈಗಲೂ ಸ್ವಲ್ಪ ಹೊತ್ತು ನನ್ನ ಎದುರಿನ ಜಾಗ ಬಿಟ್ಟೇ ಕೂರುತ್ತೇನೆ.

ಪಲ್ಲವಿ, ನಿನ್ನನ್ನು ಹೋಗಬೇಡ ಎನ್ನುವುದಿಲ್ಲ. ಅವಳಿಗೆ ಗೊತ್ತಾಗದೆ ಉಳಿದದ್ದು ನಿನಗಾದರೂ ಗೊತ್ತಾಗಲಿ. ನಿಮ್ಮಲ್ಲಿ ಫ್ಯಾನುಗಳೆಲ್ಲ ತಿರುಗುತ್ತಿರುತ್ತವೆ ಎಂದು ನೀನು ಹೇಳುತ್ತೀಯ. ಅವು ತಿರುಗದ ದಿನ ಕೆಲಸ ಮಾಡಬೇಡ. ಕೋಣೆಯ ಗೆಳತಿಯೊಬ್ಬಳಿಗೆ ನಾಚಿಕೆ ಬಿಟ್ಟು ಹೇಳು, ವಾರಕ್ಕೊಮ್ಮೆಯಾದರೂ ನಿನ್ನ ಉಸಿರು ನೋಡಲಿ. ಫೋನಿನಲ್ಲಿ ನಿನ್ನ ಮುಖ ಕಾಣುತ್ತದೆ, ನಗು ಕೇಳುತ್ತದೆ. ವಾಸನೆ ಮಾತ್ರ ನನಗೆ ಬರುವುದಿಲ್ಲ, ಮಗಾ.

ಬಸವಾ, ಈ ಹಾಳೆಗಳನ್ನು ನೀನು ಜೋಪಾನ ಮಾಡು. ಅಕ್ಕ ಓದಿದ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಜ್ಜನ ಟ್ರಂಕಿನಲ್ಲಿ ಇಡು. ಅಡುಗೆಮನೆಯ ಕಪಾಟಿನಲ್ಲಿ ಮಾತ್ರ ಇಡಬೇಡ. ಬೆಳ್ಳುಳ್ಳಿಯ ವಾಸನೆ ಹಿಡಿದೀತು.